ಪುಣೆಯ ಎತ್ತರದಲ್ಲಿ ಡಿಸ್ಟ್ರಿಬ್ಯೂಟರ್ ಟೈಮಿಂಗ್: ಪುಸ್ತಕದ ಡಿಗ್ರಿ ಮತ್ತು ಅದರ ಷರತ್ತುಗಳು

1. ವ್ಯಾಪ್ತಿ

ಪಾಯಿಂಟ್ ಮತ್ತು ಕಂಡೆನ್ಸರ್ ಇರುವ, ಕ್ಯಾಮ್‌ಶಾಫ್ಟ್‌ನಿಂದ ತಿರುಗುವ ಡಿಸ್ಟ್ರಿಬ್ಯೂಟರ್‌ಗಳಿಗೆ ಮಾತ್ರ ಈ ಟಿಪ್ಪಣಿ ಸೀಮಿತ. ಪುಣೆಯಲ್ಲಿ ಇಂದಿಗೂ ಓಡುವ ಹಳೆಯ ಕಾರುಗಳ ಪೈಕಿ ಎರಡು ವಂಶಗಳನ್ನು ಮುಖ್ಯವಾಗಿ ಗಮನದಲ್ಲಿ ಇಟ್ಟುಕೊಳ್ಳಲಾಗಿದೆ. ಮೊದಲನೆಯದು ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ತಯಾರಿಸಿದ ಫಿಯಟ್ 1100 ಮತ್ತು 1974ರಿಂದ ಪ್ರೀಮಿಯರ್ ಪದ್ಮಿನಿ ಎಂಬ ಹೆಸರಿನಲ್ಲಿ ಮುಂದುವರಿದ ಅದೇ ಕಾರು (1089 ಸಿಸಿ, ಬೋರ್ 68 ಮಿ.ಮೀ., ಸ್ಟ್ರೋಕ್ 75 ಮಿ.ಮೀ.). ಎರಡನೆಯದು ಉತ್ತರಪಾರಾದ ಹಿಂದೂಸ್ತಾನ್ ಮೋಟರ್ಸ್‌ನ ಅಂಬಾಸಡರ್, ಅದರಲ್ಲಿ ಬಿಎಂಸಿ ಬಿ-ಸೀರೀಸ್ ವಂಶದ 1489 ಸಿಸಿ ಎಂಜಿನ್ (ಸ್ಟ್ರೋಕ್ 88.9 ಮಿ.ಮೀ.) ಇದ್ದ ಮಾದರಿಗಳು. ಎರಡರಲ್ಲೂ ಫೈರಿಂಗ್ ಆರ್ಡರ್ 1-3-4-2.

ಪುಣೆ ವಾಹನೋದ್ಯಮದ ಊರಾದರೂ ಈ ಎರಡೂ ಕಾರುಗಳು ಹೊರಗಿನಿಂದ ಬಂದವು. ಪಿಂಪ್ರಿಯ ಟೆಲ್ಕೊ ಡೀಸೆಲ್ ಲಾರಿಗಳನ್ನೂ ಆಕುರ್ಡಿಯ ಬಜಾಜ್ ಟೂ-ಸ್ಟ್ರೋಕ್ ಸ್ಕೂಟರ್‌ಗಳನ್ನೂ ತಯಾರಿಸುತ್ತಿದ್ದವು. ಮೊದಲನೆಯದರಲ್ಲಿ ಸ್ಪಾರ್ಕ್ ಇಲ್ಲ, ಎರಡನೆಯದರಲ್ಲಿ ಡಿಸ್ಟ್ರಿಬ್ಯೂಟರ್ ಇಲ್ಲ. 1966ರಲ್ಲಿ ಸ್ಥಾಪನೆಯಾದ ವಾಹನ ಪರೀಕ್ಷೆಯ ಎಆರ್‌ಎಐ ಸಂಸ್ಥೆ ನಗರದ ವೇತಾಳ ಗುಡ್ಡದ ಮೇಲಿದೆ. ಎಂಜಿನ್‌ನ ಶಕ್ತಿ ಅಳೆಯುವ ಇಂಥ ಪ್ರಯೋಗಾಲಯಗಳಲ್ಲಿ ವಾಯುಒತ್ತಡಕ್ಕೆ ತಿದ್ದುಪಡಿ ಮಾಡಿ ಫಲಿತಾಂಶ ಬರೆಯುವುದು ವಾಡಿಕೆ. ಹಳೆಯ ಕಾರಿನ ಕೈಪಿಡಿಯಲ್ಲಿ ಟೈಮಿಂಗ್ ಅಂಕಿಗೆ ಅಂಥ ತಿದ್ದುಪಡಿ ಸಾಮಾನ್ಯವಾಗಿ ಇರುವುದಿಲ್ಲ. ಈ ಟಿಪ್ಪಣಿ ಹೊರಡುವುದು ಆ ಕೊರತೆಯಿಂದ.

2. ಒಂದೇ ಹೆಸರಿನಲ್ಲಿ ಮೂರು ಅಂಕಿ

ಆಕರಗಳ ನಡುವೆ ಕಾಣುವ ವ್ಯತ್ಯಾಸಗಳಲ್ಲಿ ದೊಡ್ಡ ಪಾಲು ನಿಜವಾದ ವ್ಯತ್ಯಾಸವಲ್ಲ ಎಂದು ತೋರುತ್ತದೆ. ‘ಟೈಮಿಂಗ್ ಇಷ್ಟು ಡಿಗ್ರಿ’ ಎಂದು ಬರೆದ ಕಡೆ ಮೂರು ಬೇರೆ ಅಂಕಿಗಳಲ್ಲಿ ಯಾವುದಾದರೂ ಒಂದು ಇರಬಹುದು: (ಅ) ಎಂಜಿನ್ ನಿಂತಿರುವಾಗ ಪಾಯಿಂಟ್ ತೆರೆಯುವ ಕೋನ, ಅಂದರೆ ಸ್ಟ್ಯಾಟಿಕ್, (ಆ) ಐಡಲ್ ವೇಗದಲ್ಲಿ ಟೈಮಿಂಗ್ ಲೈಟ್ ತೋರಿಸುವ ಕೋನ, (ಇ) ವೇಗದೊಂದಿಗೆ ಹೊರಚಾಚುವ ಅಡ್ವಾನ್ಸ್ ತೂಕಗಳು ಪೂರ್ತಿ ತೆರೆದಾಗಿನ ಗರಿಷ್ಠ ಕೋನ. ಬಿ-ಸೀರೀಸ್ ವಂಶದ್ದೇ ಒಂದು ನಿದರ್ಶನವಿದೆ. 1798 ಸಿಸಿಯ ಎಂಜಿಬಿ ಕಾರಿನ ಹೈ-ಕಂಪ್ರೆಷನ್ ಎಂಜಿನ್‌ಗೆ ಸ್ಟ್ಯಾಟಿಕ್ 10 ಡಿಗ್ರಿ, 600 ಆರ್‌ಪಿಎಂನಲ್ಲಿ ಟೈಮಿಂಗ್ ಲೈಟ್‌ಗೆ 14 ಡಿಗ್ರಿ ಎಂದು ಕೈಪಿಡಿ ಕೊಡುತ್ತದೆ. ಎರಡೂ ಸರಿ, ಒಂದನ್ನು ಇನ್ನೊಂದರ ಜಾಗದಲ್ಲಿ ಬಳಸಿದರೆ ಮಾತ್ರ 4 ಡಿಗ್ರಿ ತಪ್ಪು. ಅದೇ ಎಂಜಿನ್‌ನ ಲೋ-ಕಂಪ್ರೆಷನ್ ರೂಪಕ್ಕೆ ಸ್ಟ್ಯಾಟಿಕ್ 8 ಡಿಗ್ರಿ. ಕಂಪ್ರೆಷನ್ ಕಡಿಮೆಯಾದರೆ ಅಡ್ವಾನ್ಸ್ ಹೆಚ್ಚಿಸಬಹುದು ಎಂಬ ಸಾಮಾನ್ಯ ನಿಯಮವನ್ನು ಕುರುಡಾಗಿ ಅನ್ವಯಿಸಬಾರದು ಎಂಬುದಕ್ಕೆ ಇದು ಸಾಕ್ಷಿ.

ಇನ್ನೊಂದು ಗೊಂದಲ ಮಾನದ್ದು. ಫೋರ್-ಸ್ಟ್ರೋಕ್ ಎಂಜಿನ್‌ನಲ್ಲಿ ಡಿಸ್ಟ್ರಿಬ್ಯೂಟರ್ ಕ್ರ್ಯಾಂಕ್‌ನ ಅರ್ಧ ವೇಗದಲ್ಲಿ ತಿರುಗುತ್ತದೆ. ಆದ್ದರಿಂದ ಡಿಸ್ಟ್ರಿಬ್ಯೂಟರ್‌ನ 1 ಡಿಗ್ರಿ ಎಂದರೆ ಕ್ರ್ಯಾಂಕ್‌ನ 2 ಡಿಗ್ರಿ. ಲ್ಯೂಕಸ್ ಡಿಸ್ಟ್ರಿಬ್ಯೂಟರ್‌ನ ಒಳಗೆ, ಕ್ಯಾಮ್‌ನ ಬುಡದಲ್ಲಿ ಒತ್ತಿರುವ ಅಂಕಿ (ಉದಾಹರಣೆಗೆ 10, 12 ಅಥವಾ 15) ತೂಕಗಳಿಂದ ಬರುವ ಗರಿಷ್ಠ ಅಡ್ವಾನ್ಸ್. ಅದು ಡಿಸ್ಟ್ರಿಬ್ಯೂಟರ್ ಡಿಗ್ರಿಯಲ್ಲಿದೆ. 15 ಎಂದು ಒತ್ತಿದ ಡಿಸ್ಟ್ರಿಬ್ಯೂಟರ್ ಅನ್ನು ಸ್ಟ್ಯಾಟಿಕ್ 5 ಡಿಗ್ರಿಗೆ ಕೂರಿಸಿದರೆ ಒಟ್ಟು 5 + 30 = 35 ಡಿಗ್ರಿ ಆಗಬೇಕೇ ಹೊರತು 20 ಅಲ್ಲ.

ಈ ಟಿಪ್ಪಣಿಯ ಮುಖ್ಯ ವಾದ ಇಲ್ಲಿಂದ ಹೊರಡುತ್ತದೆ. (ಅ) ಮತ್ತು (ಇ) ಎರಡೂ ಯಾಂತ್ರಿಕ ತುದಿಗಳು: ಒಂದರಲ್ಲಿ ತೂಕಗಳು ಪೂರ್ತಿ ಮುಚ್ಚಿರುತ್ತವೆ, ಇನ್ನೊಂದರಲ್ಲಿ ತಡೆಗೆ ತಾಗಿ ನಿಂತಿರುತ್ತವೆ. ನಡುವಿನ (ಆ) ಮಾತ್ರ ಸ್ಪ್ರಿಂಗ್‌ನ ಬಿಗಿಯನ್ನು ಅವಲಂಬಿಸಿದೆ. ನಲವತ್ತು-ಐವತ್ತು ವರ್ಷ ದಾಟಿದ ಸ್ಪ್ರಿಂಗ್ ತನ್ನ ಮೂಲ ಗುಣ ಉಳಿಸಿಕೊಂಡಿದೆ ಎಂದು ಊಹಿಸಲು ಆಧಾರ ಕಡಿಮೆ. ಹೀಗಾಗಿ ಮೂರರಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಐಡಲ್ ಅಂಕಿಯೇ ಅತಿ ಕಡಿಮೆ ವಿಶ್ವಾಸಾರ್ಹ ಎನ್ನಬೇಕಾಗುತ್ತದೆ. ಎರಡು ತುದಿಗಳನ್ನು ಅಳೆದು ಕಳೆದಾಗ ಒತ್ತಿದ ಅಂಕಿಯ ಎರಡರಷ್ಟು ಬಂದರೆ ತೂಕ ಮತ್ತು ಕ್ಯಾಮ್ ಸರಿ ಇವೆ. ವ್ಯತ್ಯಾಸ ಸರಿಯಿದ್ದು ಐಡಲ್ ಅಂಕಿ ಮಾತ್ರ ಹೆಚ್ಚಾಗಿದ್ದರೆ ಸ್ಪ್ರಿಂಗ್ ಸಡಿಲವಾಗಿರುವ ಸಾಧ್ಯತೆ ಹೆಚ್ಚು. ವ್ಯತ್ಯಾಸವೇ ಕಡಿಮೆ ಬಂದರೆ ತೂಕಗಳು ಎಣ್ಣೆಯಿಲ್ಲದೆ ಬಿಗಿದಿರಬಹುದು, ಇಲ್ಲವೇ ಒಳಭಾಗ ಬೇರೆ ಮಾದರಿಯದ್ದಾಗಿರಬಹುದು.

ಲ್ಯೂಕಸ್ ಕವಚದ ಹೊರಗೆ ಮಾದರಿ ಸಂಖ್ಯೆಯ ಜೊತೆಗೆ ತಯಾರಿಕೆಯ ವಾರ ಮತ್ತು ವರ್ಷವನ್ನು ಒತ್ತಿರುವ ಪದ್ಧತಿ ಇದೆ. 12 62 ಎಂದರೆ 1962ರ 12ನೇ ವಾರ. ಈ ದಿನಾಂಕ ಕಾರಿನ ನೋಂದಣಿ ವರ್ಷಕ್ಕಿಂತ ಬಹಳ ಈಚಿನದಾಗಿದ್ದರೆ ಡಿಸ್ಟ್ರಿಬ್ಯೂಟರ್ ಬದಲಾಗಿದೆ ಎಂದೇ ಅರ್ಥ. ಆಗ ಕಾರಿನ ಪುಸ್ತಕದ ಅಂಕಿ ಈ ಡಿಸ್ಟ್ರಿಬ್ಯೂಟರ್‌ಗೆ ತಾನಾಗಿ ಅನ್ವಯಿಸುವುದಿಲ್ಲ.

3. ಟಿಡಿಸಿ ಎಲ್ಲಿದೆ

ಎಲ್ಲ ಡಿಗ್ರಿಗಳೂ ಟಿಡಿಸಿಯಿಂದ (ಪಿಸ್ಟನ್ ತುತ್ತತುದಿಯಲ್ಲಿರುವ ಸ್ಥಾನದಿಂದ) ಎಣಿಕೆಯಾಗುವುದರಿಂದ ಅಲ್ಲಿನ ತಪ್ಪು ಎಲ್ಲ ಕಡೆಗೂ ಹರಡುತ್ತದೆ. ಬಿ-ಸೀರೀಸ್ ಎಂಜಿನ್‌ನ ಟೈಮಿಂಗ್ ಕವರ್ ಮೇಲೆ ಟಿಡಿಸಿ, 5 ಮತ್ತು 10 ಡಿಗ್ರಿಗಳಿಗೆ ಮೂರು ಚೂಪುಗಳೂ ಪುಲ್ಲಿಯ ಅಂಚಿನಲ್ಲಿ ಒಂದು ಕಚ್ಚೂ ಇರುತ್ತವೆ. ಪುಲ್ಲಿ ಬದಲಾಗಿದ್ದರೆ, ಅಥವಾ ಅದು ರಬ್ಬರ್ ಬೆಸೆದ ಬಗೆಯದಾಗಿದ್ದು ಹೊರ ಉಂಗುರ ಜಾರಿದ್ದರೆ, ಗುರುತು ಸುಳ್ಳಾಗುತ್ತದೆ.

ಪ್ಲಗ್ ತೂತಿನಲ್ಲಿ ಕಡ್ಡಿ ಇಟ್ಟು ಪಿಸ್ಟನ್ ‘ಮೇಲೆ ನಿಂತ’ ಜಾಗವನ್ನು ಗುರುತಿಸುವ ರೂಢಿ ಗ್ಯಾರೇಜುಗಳಲ್ಲಿದೆ. ಅದರ ನಿಖರತೆಯನ್ನು ಲೆಕ್ಕದಿಂದ ಪರೀಕ್ಷಿಸಬಹುದು. ಸ್ಟ್ರೋಕ್ 75 ಮಿ.ಮೀ., ಕನೆಕ್ಟಿಂಗ್ ರಾಡ್ ಉದ್ದ ಕ್ರ್ಯಾಂಕ್ ತ್ರಿಜ್ಯದ 3.5 ಪಟ್ಟು ಎಂದು ಹಿಡಿದರೆ, ಟಿಡಿಸಿಯಿಂದ 1 ಡಿಗ್ರಿ ಸರಿದಾಗ ಪಿಸ್ಟನ್ ಇಳಿಯುವುದು ಸುಮಾರು 0.007 ಮಿ.ಮೀ.; 5 ಡಿಗ್ರಿಗೆ 0.18 ಮಿ.ಮೀ.; 10 ಡಿಗ್ರಿಗೆ 0.73 ಮಿ.ಮೀ. ಡಯಲ್ ಗೇಜ್ ಬಳಸಿ 0.02 ಮಿ.ಮೀ. ಅನಿಶ್ಚಿತತೆಯಲ್ಲಿ ಓದಿದರೂ ಟಿಡಿಸಿಯ ಸ್ಥಾನದಲ್ಲಿ ಸುಮಾರು 1.6 ಡಿಗ್ರಿಯ ಅನಿಶ್ಚಿತತೆ ಉಳಿಯುತ್ತದೆ. ಬರಿಗೈಯ ಕಡ್ಡಿಯಲ್ಲಿ ಅದು ಇನ್ನೂ ಹೆಚ್ಚು.

ಇದಕ್ಕಿಂತ ಉತ್ತಮವಾದ ಕ್ರಮ ತಡೆ-ಬೋಲ್ಟ್‌ನದು. ಪಿಸ್ಟನ್ ಮೇಲ್ತುದಿ ಮುಟ್ಟುವ ಮೊದಲೇ ತಾಗುವಂಥ ತಡೆಯನ್ನು ಪ್ಲಗ್ ತೂತಿಗೆ ಬಿಗಿದು, ಎಂಜಿನ್ ಅನ್ನು ಕೈಯಿಂದ ಒಂದು ದಿಕ್ಕಿಗೆ ತಿರುಗಿಸಿ ತಾಗಿದಲ್ಲಿ ಪುಲ್ಲಿಯ ಮೇಲೆ ಗುರುತು ಹಾಕಬೇಕು. ಬಳಿಕ ವಿರುದ್ಧ ದಿಕ್ಕಿಗೆ ತಿರುಗಿಸಿ ಮತ್ತೊಂದು ಗುರುತು. ಎರಡರ ನಟ್ಟನಡುವೆ ಟಿಡಿಸಿ. ಕಾರಣ ಸರಳ: ಟಿಡಿಸಿಯಿಂದ 20 ಡಿಗ್ರಿ ದೂರದಲ್ಲಿ ಪಿಸ್ಟನ್ ಪ್ರತಿ ಡಿಗ್ರಿಗೆ ಸುಮಾರು 0.28 ಮಿ.ಮೀ. ಚಲಿಸುತ್ತದೆ. ಅಲ್ಲಿ 0.02 ಮಿ.ಮೀ. ತಪ್ಪಿದರೆ ಕೋನದಲ್ಲಿ 0.07 ಡಿಗ್ರಿ ಮಾತ್ರ ತಪ್ಪುತ್ತದೆ. ಸ್ಟಾರ್ಟರ್‌ನಿಂದ ತಿರುಗಿಸಬಾರದು, ಪಿಸ್ಟನ್‌ಗೆ ಪೆಟ್ಟಾದೀತು. ಬಿ-ಸೀರೀಸ್‌ನಲ್ಲಿ ಪ್ಲಗ್ ತೂತು ಓರೆಯಾಗಿರುವುದರಿಂದ ತಡೆಯ ತುದಿ ದುಂಡಗಿರಬೇಕು.

ಸಿಕ್ಕ ಟಿಡಿಸಿ 1ನೇ ಸಿಲಿಂಡರ್‌ನ ಕಂಪ್ರೆಷನ್ ಸ್ಟ್ರೋಕ್‌ನದೋ ಎಂಬುದನ್ನು 4ನೇ ಸಿಲಿಂಡರ್‌ನ ವಾಲ್ವ್‌ಗಳಿಂದ ತಿಳಿಯಬಹುದು. ಅಲ್ಲಿ ಎಕ್ಸಾಸ್ಟ್ ಮುಚ್ಚುತ್ತಾ ಇನ್‌ಲೆಟ್ ತೆರೆಯುತ್ತಾ ಇದ್ದರೆ 1ನೇ ಸಿಲಿಂಡರ್ ಸಿಡಿಯುವ ಹಂತದಲ್ಲಿದೆ.

4. ಪಾಯಿಂಟ್ ಮೊದಲು, ಟೈಮಿಂಗ್ ಆಮೇಲೆ

ಈ ಕ್ರಮ ಬದಲಾಗಬಾರದು. ಪಾಯಿಂಟ್ ಅಂತರ ಕಡಿಮೆಯಾದರೆ ಪಾಯಿಂಟ್ ತಡವಾಗಿ ತೆರೆದು ಬೇಗ ಮುಚ್ಚುತ್ತದೆ. ಸಮ ಆಕಾರದ ಕ್ಯಾಮ್‌ನಲ್ಲಿ ಡ್ವೆಲ್ (ಪಾಯಿಂಟ್ ಮುಚ್ಚಿರುವ ಕೋನ) 1 ಡಿಗ್ರಿ ಹೆಚ್ಚಾದರೆ ಅದರಲ್ಲಿ ಅರ್ಧ ಡಿಗ್ರಿ ತೆರೆಯುವ ಬದಿಗೆ ಸೇರುತ್ತದೆ. ಡಿಸ್ಟ್ರಿಬ್ಯೂಟರ್‌ನ ಆ ಅರ್ಧ ಡಿಗ್ರಿ ಕ್ರ್ಯಾಂಕ್‌ನಲ್ಲಿ 1 ಡಿಗ್ರಿ ರಿಟಾರ್ಡ್. ಪಾಯಿಂಟ್‌ನ ಫೈಬರ್ ತುಂಡು ಸವೆಯುತ್ತಾ ಹೋದಂತೆ ಟೈಮಿಂಗ್ ತಾನಾಗಿ ಹಿಂದೆ ಸರಿಯುವುದು ಇದರಿಂದಲೇ.

ಲ್ಯೂಕಸ್ 25ಡಿ4ಕ್ಕೆ ಅಂತರ 0.35ರಿಂದ 0.40 ಮಿ.ಮೀ., ಡ್ವೆಲ್ 60 ± 3 ಡಿಗ್ರಿ. ನಂತರ ಬಂದ 45ಡಿ4ಕ್ಕೆ ಅಂತರ ಅಷ್ಟೇ, ಆದರೆ ಡ್ವೆಲ್ 51 ± 5. ಎರಡನ್ನೂ ‘ನಾಲ್ಕು ಸಿಲಿಂಡರ್ ಲ್ಯೂಕಸ್’ ಎಂದು ಒಂದೇ ಗುಂಪಿಗೆ ಸೇರಿಸಿ 60 ಡಿಗ್ರಿಗೆ ಕೂರಿಸಿದರೆ 45ಡಿ4 ತನ್ನ ಮೇಲ್ಮಿತಿಯಾದ 56ನ್ನು ಮೀರುತ್ತದೆ. ಅದನ್ನು 51ಕ್ಕೆ ಸರಿಪಡಿಸುವಾಗ ಟೈಮಿಂಗ್ ಸುಮಾರು 9 ಡಿಗ್ರಿ ಮುಂದೆ ಹೋಗುತ್ತದೆ. ಟೈಮಿಂಗ್ ಮತ್ತೆ ನೋಡದಿದ್ದರೆ ಈ ಒಂದು ಹೆಜ್ಜೆಯೇ ಎಂಜಿನ್ ಬಡಿಯಲು ಸಾಕು. ಪಾಯಿಂಟ್ ಮುಖದಲ್ಲಿ ಗುಳಿ-ಗುಬುಟು ಎದ್ದಿದ್ದರೆ ಫೀಲರ್ ಗೇಜ್ ಗುಬುಟಿನ ತುದಿಯಿಂದ ಅಳೆಯುತ್ತದೆ, ನಿಜವಾದ ಅಂತರ ಅದಕ್ಕಿಂತ ಹೆಚ್ಚಿರುತ್ತದೆ. ಅಲ್ಲಿ ಡ್ವೆಲ್ ಮೀಟರ್‌ನ ಮಾತೇ ನಂಬತಕ್ಕದ್ದು.

5. ಎತ್ತರ

ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀ. ಎತ್ತರದಲ್ಲಿದೆ. ಪ್ರಮಾಣಿತ ವಾತಾವರಣದ ಸೂತ್ರದಂತೆ ಅಲ್ಲಿನ ಒತ್ತಡ ಸುಮಾರು 948 ಹೆಕ್ಟೊಪಾಸ್ಕಲ್, ಅಂದರೆ ಸಮುದ್ರಮಟ್ಟದ 1013ರ 93.5%. ಹಳೆಯ ಎನ್‌ಎಚ್-4ರ ಗುಂಟ ದಕ್ಷಿಣಕ್ಕೆ ಬಂದರೆ ಬೆಳಗಾವಿಯಲ್ಲಿ (ಸುಮಾರು 750 ಮೀ.) ಇದು 91.4%, ಬೆಂಗಳೂರಿನಲ್ಲಿ (ಸುಮಾರು 920 ಮೀ.) 89.6%. ಇವು ಲೆಕ್ಕದ ಅಂಕಿಗಳು. ದಿನದ ಹವೆಯಂತೆ ಒಂದರ್ಧ ಪ್ರತಿಶತ ಆಚೀಚೆ ಆಗುವುದು ಸಹಜ.

ಥ್ರಾಟಲ್ ಪೂರ್ತಿ ತೆರೆದಾಗ ಸಿಲಿಂಡರ್ ಒಳಗೆ ಹೋಗುವ ಗಾಳಿ ಸರಿಸುಮಾರು ಇದೇ ಪ್ರಮಾಣದಲ್ಲಿ ಇಳಿಯುತ್ತದೆ. ಮಿಶ್ರಣದ ಸಾಂದ್ರತೆ ಇಳಿದಷ್ಟೂ ಉರಿಯುವ ವೇಗ ಕೊಂಚ ಕುಗ್ಗುತ್ತದೆ, ನಾಕಿಂಗ್ ಭಯವೂ ಕುಗ್ಗುತ್ತದೆ. ಹೀಗಾಗಿ ಪುಣೆಯಲ್ಲಿ ಪುಸ್ತಕದ ಅಂಕಿಗಿಂತ 1ರಿಂದ 2 ಡಿಗ್ರಿ ಹೆಚ್ಚು ಅಡ್ವಾನ್ಸ್ ಸಹ್ಯವಾಗಬಹುದು ಎಂಬ ಅನುಭವಿ ಮೆಕ್ಯಾನಿಕ್‌ಗಳ ನಂಬಿಕೆಗೆ ಭೌತಿಕ ಆಧಾರವಿದೆ.

ಆದರೆ ವ್ಯಾಕ್ಯೂಮ್ ಡಬ್ಬಿ ಇರುವ ಡಿಸ್ಟ್ರಿಬ್ಯೂಟರ್‌ನಲ್ಲಿ ಇನ್ನೊಂದು ಪರಿಣಾಮವಿದೆ. ಅದು ಅಷ್ಟಾಗಿ ಚರ್ಚೆಗೆ ಬಂದಂತಿಲ್ಲ. ಡಬ್ಬಿ ಕೆಲಸ ಮಾಡುವುದು ಹೊರಗಿನ ಒತ್ತಡ ಮತ್ತು ಮ್ಯಾನಿಫೋಲ್ಡ್ ಒತ್ತಡಗಳ ವ್ಯತ್ಯಾಸದಿಂದ. ಸಮುದ್ರಮಟ್ಟದಲ್ಲಿ ಮತ್ತು ಪುಣೆಯಲ್ಲಿ ಸಿಲಿಂಡರ್‌ಗೆ ಒಂದೇ ಪ್ರಮಾಣದ ಮಿಶ್ರಣ ಹೋಗುತ್ತಿದೆ ಎಂದಿಟ್ಟುಕೊಂಡರೆ ಮ್ಯಾನಿಫೋಲ್ಡ್‌ನ ಒಳಗಿನ ಒತ್ತಡವೂ ಒಂದೇ. ಹೊರಗಿನ ಒತ್ತಡ ಮಾತ್ರ ಪುಣೆಯಲ್ಲಿ 65 ಹೆಕ್ಟೊಪಾಸ್ಕಲ್, ಅಂದರೆ ಪಾದರಸದ 1.9 ಇಂಚು ಕಡಿಮೆ. ಡಬ್ಬಿಗೆ ಸಿಗುವ ಸೆಳೆತ ಅಷ್ಟೇ ಕಡಿಮೆಯಾಗುತ್ತದೆ. ಲ್ಯೂಕಸ್ ಡಬ್ಬಿಯ ಮೇಲೆ 5-13-10 ಎಂದು ಒತ್ತಿದ್ದರೆ, 5 ಇಂಚಿನಲ್ಲಿ ಆರಂಭ, 13 ಇಂಚಿನಲ್ಲಿ ಪೂರ್ಣ, ಡಿಸ್ಟ್ರಿಬ್ಯೂಟರ್ ಲೆಕ್ಕದಲ್ಲಿ ಗರಿಷ್ಠ 10 ಡಿಗ್ರಿ ಎಂದರ್ಥ. ಈ 8 ಇಂಚಿನ ನಡುವೆ ಚಲನೆ ಸಮನಾಗಿದೆ ಎಂದು ಭಾವಿಸಿದರೆ 1.9 ಇಂಚಿನ ಇಳಿಕೆಗೆ ಡಿಸ್ಟ್ರಿಬ್ಯೂಟರ್‌ನಲ್ಲಿ ಸುಮಾರು 2.4 ಡಿಗ್ರಿ, ಕ್ರ್ಯಾಂಕ್‌ನಲ್ಲಿ ಸುಮಾರು 5 ಡಿಗ್ರಿ ಕಡಿಮೆ ಅಡ್ವಾನ್ಸ್ ಸಿಗುತ್ತದೆ. 13 ಇಂಚಿಗಿಂತ ಸಾಕಷ್ಟು ಹೆಚ್ಚು ವ್ಯಾಕ್ಯೂಮ್ ಇರುವ ಹಗುರ ಓಟದಲ್ಲಿ ಇದು ಅನ್ವಯಿಸುವುದಿಲ್ಲ. ಮಧ್ಯಮ ಭಾರದಲ್ಲಿ ಮಾತ್ರ. ಪುಣೆಯ ಹಳೆಯ ಅಂಬಾಸಡರ್‌ಗಳು ಸಮತಟ್ಟು ರಸ್ತೆಯಲ್ಲೂ ‘ಮಂಕು’ ಎಂಬ ದೂರಿಗೆ ಕಾರ್ಬ್ಯುರೇಟರ್ ಜೊತೆಗೆ ಇದೂ ಒಂದು ಕಾರಣವಾಗಿರಬಹುದು. ಕಡಿಮೆ ಅಂಕಿಯಲ್ಲಿ ಆರಂಭವಾಗುವ ಡಬ್ಬಿಯನ್ನು ಹಾಕುವುದು ಸ್ಟ್ಯಾಟಿಕ್ ಹೆಚ್ಚಿಸುವುದಕ್ಕಿಂತ ತರ್ಕಬದ್ಧ ಪರಿಹಾರ ಎಂದು ತೋರುತ್ತದೆ.

ವಿರುದ್ಧ ದಿಕ್ಕಿನ ಅಪಾಯ ಬೋರ್‌ಘಾಟ್‌ನಲ್ಲಿದೆ. ಕಾತ್ರಜ್ ಏರಿನಲ್ಲಿ ಪರೀಕ್ಷಿಸಿ, ಸಣ್ಣಗೆ ಬಡಿಯುವ ಅಂಚಿಗೆ ಟೈಮಿಂಗ್ ಕೂರಿಸಿದ ಕಾರು ಮುಂಬೈಗೆ ಹೋಗಿ ಹಿಂದಿರುಗುವಾಗ ಖೋಪೋಲಿಯಿಂದ ಖಂಡಾಳಕ್ಕೆ ಏರಬೇಕು. ಖೋಪೋಲಿ ಸಮುದ್ರಮಟ್ಟಕ್ಕೆ ಹತ್ತಿರ. ಅಲ್ಲಿ ಎಂಜಿನ್‌ಗೆ ಹೋಗುವ ಮಿಶ್ರಣ ಆರೇಳು ಪ್ರತಿಶತ ಹೆಚ್ಚು, ಏರು ದೀರ್ಘ, ವೇಗ ಕಡಿಮೆ, ನೀರು ಬಿಸಿ. ವ್ಯಾಕ್ಯೂಮ್ ಸೊನ್ನೆಗೆ ಹತ್ತಿರ ಇಳಿದು, ಉಳಿಯುವುದು ಸ್ಟ್ಯಾಟಿಕ್ ಮತ್ತು ತೂಕಗಳ ಅಡ್ವಾನ್ಸ್ ಮಾತ್ರ. ಕಾತ್ರಜ್‌ನ ಏರು ಪುಣೆಯ ಎತ್ತರದಿಂದಲೇ ಆರಂಭವಾಗಿ ಇನ್ನೂ ಮೇಲೆ ಹೋಗುವುದರಿಂದ ಅಲ್ಲಿನ ಪರೀಕ್ಷೆ ಖೋಪೋಲಿಗೆ ಪ್ರಮಾಣವಾಗಲಾರದು. ಘಾಟ್ ಇಳಿದು ಹತ್ತುವ ಕಾರಿಗೆ ಪುಣೆಯಲ್ಲಿ ಕಂಡ ನಾಕಿಂಗ್ ಅಂಚಿನಿಂದ ಕನಿಷ್ಠ 2 ಡಿಗ್ರಿ ಹಿಂದೆ ನಿಲ್ಲುವುದು ಸೂಕ್ತ.

6. ಪೆಟ್ರೋಲ್

ಕೈಪಿಡಿಯ ಅಂಕಿಗೆ ಒಂದು ಕಾಲವಿದೆ, ಆ ಕಾಲಕ್ಕೆ ಒಂದು ಪೆಟ್ರೋಲ್ ಇತ್ತು. 1990ರ ದಶಕದಲ್ಲೂ ಸಾಮಾನ್ಯ ಪಂಪಿನಲ್ಲಿ ಸಿಗುತ್ತಿದ್ದುದು 87 ಆಕ್ಟೇನ್‌ನದು, ಸೀಸ ಬೆರೆಸಿದ್ದು. 2000ದ ಫೆಬ್ರುವರಿ 1ರಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂತು. ಭಾರತ್ ಸ್ಟೇಜ್-2ರಲ್ಲಿ ಕನಿಷ್ಠ ಆಕ್ಟೇನ್ 88, ಸ್ಟೇಜ್-3ರಲ್ಲಿ 91. ಸ್ಟೇಜ್-3 ಮೊದಲು ಜಾರಿಯಾದ 2005ರ ಏಪ್ರಿಲ್‌ನ ನಗರಗಳ ಪಟ್ಟಿಯಲ್ಲಿ ಪುಣೆಯೂ ಇತ್ತು. ಕಂಪ್ರೆಷನ್ ಏಳರ ಆಸುಪಾಸಿನಲ್ಲಿರುವ ಈ ಎಂಜಿನ್‌ಗಳಿಗೆ ಇಂದಿನ ಪೆಟ್ರೋಲ್ ನಾಕಿಂಗ್ ದೃಷ್ಟಿಯಿಂದ ಧಾರಾಳವಾಗಿದೆ. ಆದರೆ ನಾಕಿಂಗ್ ಆಗದಿರುವುದು ಅಡ್ವಾನ್ಸ್ ಹೆಚ್ಚಿಸಲು ಕಾರಣವಲ್ಲ. ಗರಿಷ್ಠ ಎಳೆತ ಕೊಡುವ ಕೋನವನ್ನು ದಾಟಿದ ಮೇಲೆ ಪ್ರತಿ ಡಿಗ್ರಿಯೂ ಶಾಖಕ್ಕೂ ಬೇರಿಂಗ್‌ಗೂ ಹೋಗುತ್ತದೆ.

ಎಥೆನಾಲ್ ವಿಚಾರ ಬೇರೆ. ಇ20 ಪೆಟ್ರೋಲ್ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. 2025ರಲ್ಲಿ ದೇಶದ ಬೆರಕೆ 20% ಮುಟ್ಟಿತು. ಶುದ್ಧ ಪೆಟ್ರೋಲ್‌ಗೆ ತೂಕದ ಲೆಕ್ಕದಲ್ಲಿ 14.7 ಪಾಲು ಗಾಳಿ ಬೇಕು, ಎಥೆನಾಲ್‌ಗೆ 9. ಇ20ಕ್ಕೆ ಇದು ಸುಮಾರು 13.5ಕ್ಕೆ ಬರುತ್ತದೆ. ಜೆಟ್ ಬದಲಾಗದ ಕಾರ್ಬ್ಯುರೇಟರ್‌ನಲ್ಲಿ ಮಿಶ್ರಣ 8%ರಷ್ಟು ಬಡವಾಗುತ್ತದೆ. ಬಡ ಮಿಶ್ರಣ ನಿಧಾನವಾಗಿ ಉರಿಯುತ್ತದೆ, ಹೆಚ್ಚು ಅಡ್ವಾನ್ಸ್ ಕೇಳುತ್ತದೆ. ಎಥೆನಾಲ್‌ನ ಸ್ವಂತ ಜ್ವಾಲಾವೇಗ ಹೆಚ್ಚಿರುವುದರಿಂದ ಈ ಪರಿಣಾಮ ಭಾಗಶಃ ತಗ್ಗಬಹುದು. ಜೆಟ್ ಸರಿಪಡಿಸದೆ ಬಡ ಮಿಶ್ರಣದ ಲಕ್ಷಣಗಳನ್ನು ಡಿಸ್ಟ್ರಿಬ್ಯೂಟರ್ ತಿರುಗಿಸಿ ಮುಚ್ಚುವುದು ಸರಿಯಾದ ಕ್ರಮವಲ್ಲ. ಎತ್ತರ ಮಿಶ್ರಣವನ್ನು ಸಿರಿವಂತ ಮಾಡುತ್ತದೆ, ಎಥೆನಾಲ್ ಬಡವಾಗಿಸುತ್ತದೆ. ಪುಣೆಯ ಎತ್ತರದಲ್ಲಿ ಮೊದಲನೆಯದು 3%ರ ಸಮೀಪ. ಆದ್ದರಿಂದ ಎರಡನೆಯದರದೇ ಮೇಲುಗೈ.

7. ಕೂರಿಸುವ ಕ್ರಮದಲ್ಲಿ ಗಮನಿಸಬೇಕಾದವು

ಸ್ಟ್ಯಾಟಿಕ್‌ಗೆ 12 ವೋಲ್ಟ್ ಬಲ್ಬ್ ಸಾಕು. ಡಿಸ್ಟ್ರಿಬ್ಯೂಟರ್‌ನ ತಂತಿ ಬರುವ ಟರ್ಮಿನಲ್ ಮತ್ತು ಬಾಡಿಯ ನಡುವೆ ಬಲ್ಬ್ ಸೇರಿಸಿ ಇಗ್ನಿಷನ್ ಹಾಕಿದರೆ ಪಾಯಿಂಟ್ ತೆರೆದ ಕ್ಷಣ ಅದು ಹೊತ್ತುತ್ತದೆ. ಗುರುತಿಗೆ ಎಂಜಿನ್ ತರುವುದು ಯಾವಾಗಲೂ ಅದು ತಿರುಗುವ ದಿಕ್ಕಿನಲ್ಲೇ ಆಗಬೇಕು. ದಾಟಿಹೋದರೆ ಸಾಕಷ್ಟು ಹಿಂದೆ ತಂದು ಮತ್ತೆ ಮುಂದೆ ತರಬೇಕು. ಇಲ್ಲದಿದ್ದರೆ ಗೇರ್‌ನ ಸಡಿಲು ಅಳತೆಯೊಳಗೆ ಸೇರುತ್ತದೆ. ರೋಟರ್ ತಿರುಗುವ ದಿಕ್ಕಿಗೆ ವಿರುದ್ಧವಾಗಿ ಕವಚ ತಿರುಗಿಸಿದರೆ ಅಡ್ವಾನ್ಸ್. ಬಿ-ಸೀರೀಸ್‌ನಲ್ಲಿ ರೋಟರ್ ಅಪ್ರದಕ್ಷಿಣವಾಗಿ ಸುತ್ತುವುದರಿಂದ ಕವಚ ಪ್ರದಕ್ಷಿಣವಾಗಿ ತಿರುಗಬೇಕು. 25ಡಿ4ರ ಗೀರುಳ್ಳ ಪುಟ್ಟ ನಟ್‌ನಲ್ಲಿ 11 ‘ಟಿಕ್’ ಎಂದರೆ ಸುಮಾರು 1 ಡಿಗ್ರಿ. ರಸ್ತೆಯಲ್ಲಿ ಮಾಡಿದ ಸಣ್ಣ ತಿದ್ದುಪಡಿಗಳನ್ನು ಈ ಎಣಿಕೆಯಲ್ಲೇ ಬರೆದಿಡಬಹುದು.

ಗರಿಷ್ಠ ಅಡ್ವಾನ್ಸ್ ಅಳೆಯುವಾಗ ವ್ಯಾಕ್ಯೂಮ್ ಕೊಳವೆ ಕಳಚಿ ಬಾಯಿ ಮುಚ್ಚಿರಬೇಕು. ವೇಗ ಹೆಚ್ಚಿಸುತ್ತಾ ಹೋದಂತೆ ಗುರುತು ಚಲಿಸುವುದು ನಿಂತ ಬಳಿಕದ ಓದು ಮಾತ್ರ ಲೆಕ್ಕಕ್ಕೆ. ಟ್ಯಾಕೊಮೀಟರ್ ಬಗ್ಗೆ ಅನುಮಾನವಿದ್ದರೆ ಚೋಕ್ ಇರುವ ಹಳೆಯ ಟ್ಯೂಬ್‌ಲೈಟ್ ನೆರವಾಗುತ್ತದೆ. 50 ಹರ್ಟ್ಸ್‌ನಲ್ಲಿ ಅದು ಸೆಕೆಂಡಿಗೆ 100 ಸಲ ಮಿನುಗುವುದರಿಂದ, ಪುಲ್ಲಿಯ ಮೇಲೆ ಸಮ ಅಂತರದಲ್ಲಿ ಹಾಕಿದ 4 ಸೀಮೆಸುಣ್ಣದ ಗೆರೆಗಳು 1500 ಆರ್‌ಪಿಎಂನಲ್ಲಿ ನಿಂತಂತೆ ಕಾಣುತ್ತವೆ. ವಿದ್ಯುತ್ ಜಾಲದ ಕಂಪನಾಂಕಕ್ಕೆ ನಿಗದಿಯಾದ ಮಿತಿ 49.90ರಿಂದ 50.05 ಹರ್ಟ್ಸ್ ಆದ್ದರಿಂದ ಜಾಲ ಆ ಮಿತಿಯಲ್ಲಿರುವಾಗ ಈ ಪರೀಕ್ಷೆಯ ತಪ್ಪು 0.2% ಮೀರದು. ಎಲೆಕ್ಟ್ರಾನಿಕ್ ಚೋಕ್‌ನ ಟ್ಯೂಬ್‌ನಲ್ಲಿ ಇದು ನಡೆಯುವುದಿಲ್ಲ. ಎಲ್‌ಇಡಿಯಲ್ಲಿ ನಡೆಯುವ ಭರವಸೆಯಿಲ್ಲ. ಆ ಬೆಳಕಿನಲ್ಲಿ ಫ್ಯಾನ್‌ನ ರೆಕ್ಕೆಗಳೂ ನಿಂತಂತೆ ಕಾಣಬಹುದು ಎಂಬ ಎಚ್ಚರ ಅಗತ್ಯ.

ಟೈಮಿಂಗ್ ಮುಂದೆ ಹೋದಾಗ ಐಡಲ್ ವೇಗ ಏರುತ್ತದೆ. ಅದನ್ನು ಥ್ರಾಟಲ್ ಸ್ಕ್ರೂನಿಂದ ಇಳಿಸಿ, ಮಿಶ್ರಣ ನೋಡಿ, ಮತ್ತೆ ಟೈಮಿಂಗ್ ಓದಬೇಕಾಗುತ್ತದೆ. ಪಿಯುಸಿ ಪರೀಕ್ಷೆಯಲ್ಲಿ ಈ ವಯಸ್ಸಿನ ಪೆಟ್ರೋಲ್ ಕಾರಿಗೆ 2004ರ ಅಕ್ಟೋಬರ್‌ನಿಂದ ಇರುವ ಮಿತಿ ಕಾರ್ಬನ್ ಮೊನಾಕ್ಸೈಡ್ 3%, ಹೈಡ್ರೊಕಾರ್ಬನ್ 1500 ಪಿಪಿಎಂ. ಮೊದಲನೆಯದು ಮುಖ್ಯವಾಗಿ ಮಿಶ್ರಣದ ಸೂಚಕ, ಟೈಮಿಂಗ್‌ನದಲ್ಲ.

8. ದಾಖಲೆಯ ರೂಪ

ಬಾನೆಟ್ ಒಳಗೆ ಅಂಟಿಸುವ ಚೀಟಿಯಲ್ಲಿ ‘ಟೈಮಿಂಗ್ 10’ ಎಂದಷ್ಟೇ ಇದ್ದರೆ ಮುಂದಿನವರಿಗೆ ಅದರಿಂದ ತಿಳಿಯುವುದು ಸ್ವಲ್ಪವೇ. ಡಿಸ್ಟ್ರಿಬ್ಯೂಟರ್‌ನ ಸಂಖ್ಯೆ ಮತ್ತು ವಾರ-ವರ್ಷ, ಕ್ಯಾಮ್ ಮೇಲಿನ ಅಂಕಿ, ಡಬ್ಬಿಯ ಮೂರು ಅಂಕಿ, ಡ್ವೆಲ್, ಸ್ಟ್ಯಾಟಿಕ್, ಗರಿಷ್ಠ ಅಡ್ವಾನ್ಸ್ ಮತ್ತು ಅದು ನಿಂತ ವೇಗ, ಟಿಡಿಸಿ ಗುರುತನ್ನು ಪರಿಶೀಲಿಸಿದ ವಿಧಾನ, ಊರು, ತಿಂಗಳು, ಪೆಟ್ರೋಲ್‌ನ ಬಗೆ: ಇಷ್ಟಿದ್ದರೆ ಅದೇ ಕಾರನ್ನು ಬೆಳಗಾವಿಯಲ್ಲೋ ಬೆಂಗಳೂರಿನಲ್ಲೋ ಬಿಚ್ಚುವ ಮೆಕ್ಯಾನಿಕ್ ಕೂಡ ಅಂಕಿಯನ್ನು ಹೋಲಿಸಿ ನೋಡಬಹುದು. ಎಲ್ಲ ಡಿಗ್ರಿಗಳೂ ಕ್ರ್ಯಾಂಕ್‌ನವು ಎಂದು ಚೀಟಿಯ ಮೇಲ್ತುದಿಯಲ್ಲಿ ಬರೆದಿರಬೇಕು. ಕ್ಯಾಮ್ ಮತ್ತು ಡಬ್ಬಿಯ ಅಂಕಿಗಳ ಮುಂದೆ ಮಾತ್ರ ‘ಡಿಸ್ಟ್ರಿಬ್ಯೂಟರ್’ ಎಂದು ಪ್ರತ್ಯೇಕವಾಗಿ ನಮೂದಿಸಬೇಕು.